ಟವೆಲ್‌ನ ಇನ್ನೊಂದು ತುದಿ

ಮಳವಳ್ಳಿ
9 ಜನವರಿ 2026

ಪ್ರೀತಿಯ ಸೌಮ್ಯ,

ಫೋನಿನಲ್ಲಿ ನೀನು ಕೇಳಿದ್ದಕ್ಕೆ ಉತ್ತರ ಬರೆಯುತ್ತಿದ್ದೇನೆ. ನಿಮ್ಮಮ್ಮ ಈಗ ಊಟ ಮಾಡುತ್ತಿದ್ದಾರಾ?

ನಿನ್ನ ಅಣ್ಣ ಅಶೋಕ್ ಹೋಗಿ ಈ ಭಾನುವಾರಕ್ಕೆ ವರ್ಷ. ನೀನು ಸ್ಕೇಟ್‌ಬೋರ್ಡು ಹತ್ತಿಯೂ ವರ್ಷ. ನಾವು ಈಗಲೂ ಬೆಸಗರಹಳ್ಳಿ ರಸ್ತೆಯಲ್ಲಿ ಸೇರುತ್ತೇವೆ. ರವಿಚಂದ್ರ ಮತ್ತು ಉಳಿದವರದು ಕಾಲಲ್ಲಿ ತಳ್ಳುವ ಲಾಂಗ್‌ಬೋರ್ಡು; ಮೋಟಾರಿನಿಂದ ಓಡುವ ಕರೆಂಟು ಬೋರ್ಡು ನನ್ನದೊಂದೇ. "ಕಾಲ್ನ ಬಾಡ್ಗೆಗೆ ಕೊಟ್ಟಿದ್ದೀಯೇನಮ್ಮ?" ಎಂದು ಅಶೋಕ್ ರೇಗಿಸುತ್ತಿದ್ದ. ಏರು ಬಂದಾಗ ನನ್ನ ಟವೆಲ್ ಹಿಡಿಯಲು ಮೊದಲು ಓಡಿ ಬರುತ್ತಿದ್ದವನೂ ಅವನೇ.

ಟವೆಲ್‌ನ ಒಂದು ತುದಿ ನನ್ನ ಸೊಂಟಕ್ಕೆ, ಇನ್ನೊಂದು ಅವನ ಮುಷ್ಟಿಯಲ್ಲಿ; ಏರಿನುದ್ದಕ್ಕೂ ನನ್ನ ಬೋರ್ಡು ಅವನನ್ನೂ ಎಳೆಯುತ್ತಿತ್ತು. ದಿಬ್ಬದ ನೆತ್ತಿಯಲ್ಲಿ "ಬುಟ್ಟೆ ಕಣಮ್ಮ!" ಎಂದು ಕೂಗಿ ಕೈಬಿಡಬೇಕು. ಕೈಗೆ ಸುತ್ತಿಕೊಳ್ಳಬಾರದು. ಅವನ ಅಂಗೈ ಬೆವರುತ್ತಿತ್ತು. ಎಷ್ಟು ಹೇಳಿದರೂ ಸುತ್ತಿಕೊಳ್ಳುತ್ತಿದ್ದ.

ಅಂದು ನೆತ್ತಿ ದಾಟುವಾಗ ಗದ್ದೆಯಿಂದ ಕಬ್ಬಿನ ಟ್ರ್ಯಾಕ್ಟರ್ ರಸ್ತೆಗೆ ಬಂತು. ನಾನು ಬ್ರೇಕ್ ಒತ್ತಿ ನಿಂತೆ. ಅವನ ಬೋರ್ಡಿಗೆ ಬ್ರೇಕಿಲ್ಲ. ನನ್ನನ್ನು ದಾಟಿ ಮುಂದೆ ಹೋದ. ಟವೆಲ್ ಅವನ ಕೈಯನ್ನು ಜಗ್ಗಿತು. ಟ್ರೇಲರ್ ಚಕ್ರದ ಕಡೆಗೇ ಬಿದ್ದ.

ನರಳಲು ಹೊತ್ತಿರಲಿಲ್ಲ ಎಂದು ಅಮ್ಮನಿಗೆ ಹೇಳು. ಅವನು "ಬುಟ್ಟೆ" ಎಂದನೇ ಎಂದು ಕೇಳಿದೆಯಲ್ಲ, ಗಾಳಿಯಲ್ಲಿ ನನಗೆ ಸರಿಯಾಗಿ ಕೇಳಿಸಲಿಲ್ಲ. ಅಮ್ಮ ಕೇಳಿದ ಟವೆಲ್ ಆಸ್ಪತ್ರೆಯಲ್ಲಿ ಕಳೆದುಹೋಯಿತು.

ಇನ್ನೊಂದು ವಿಷಯ. ಆ ಏರಿನಲ್ಲಿ ಮಾತ್ರ ನನ್ನ ಬೋರ್ಡು ಈಗಲೂ ಇಬ್ಬರನ್ನು ಎಳೆದಂತೆ ನಿಧಾನವಾಗುತ್ತದೆ. ಬ್ಯಾಟರಿಯೂ ಅಷ್ಟೇ ಇಳಿಯುತ್ತದೆ. ರವಿಚಂದ್ರ ಹತ್ತಿ ನೋಡಿದ, ಅವನಿಗೆ ಹಗುರ. ಮೆಕ್ಯಾನಿಕ್ ಮರಿಸಿದ್ದಯ್ಯ ಮೋಟಾರು ಬಿಚ್ಚಿ ನೋಡಿ, "ಇದ್ಕೇನೂ ಆಗಿಲ್ಲ ಕಣಮ್ಮ. ಇಂದ್ಗಡೆ ಯಾರ್ನ ಎಳ್ಕಂಡೋಯ್ತಿದ್ದೀಯ?" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಅಲ್ಲಿ ನಾನು ಹಿಂದೆ ತಿರುಗಿ ನೋಡುವುದಿಲ್ಲ.

ನಿನ್ನ
ಆಲಿಯಾ

ತಾ.ಕ.: ಟವೆಲ್ ಕಳೆದಿಲ್ಲ. ಪ್ರತಿ ಭಾನುವಾರ ಸೊಂಟಕ್ಕೆ ಕಟ್ಟಿಕೊಂಡೇ ಹೋಗುತ್ತೇನೆ. ದಿಬ್ಬ ಹತ್ತಿದ ಮೇಲೆ ಅದರ ಇನ್ನೊಂದು ತುದಿ ಬೆವರಿನಿಂದ ಒದ್ದೆಯಾಗಿರುತ್ತದೆ. ಅವನು "ಬುಟ್ಟೆ" ಎನ್ನಲಿಲ್ಲ, ಸೌಮ್ಯ. ಈ ಭಾನುವಾರ ಅವನ ಬೋರ್ಡು ತೆಗೆದುಕೊಂಡು ಬಾ. ನೆತ್ತಿಯಲ್ಲಿ ಅವನ ಬದಲು ನೀನು ಕೂಗಿ ಕೈಬಿಡು. ಕೈಗೆ ಮಾತ್ರ ಸುತ್ತಿಕೊಳ್ಳಬೇಡ.