ಹಗ್ಗ ಹಿಡಿದು ಶಾಲೆಗೆ

ಚಿಕ್ಕಮ್ಮಾ,

ಪುಟ್ಟನ ಹಾಸ್ಟೆಲ್ ಫಾರ್ಮ್‌ಗೆ ಇನ್ನೂ ಸಹಿ ಹಾಕಿಲ್ಲ ತಾನೇ? ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಕಾರ್ಡು.

ಇಲ್ಲಿ ನಮ್ಮ ಬೀದಿಯ ಮಕ್ಕಳು ಒಂದು ಉದ್ದ ಹಗ್ಗ ಹಿಡಿದುಕೊಂಡು ಶಾಲೆಗೆ ನಡೆದು ಹೋಗುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಗಂಟು, ಎಲ್ಲರಿಗಿಂತ ಮುಂದೆ ಕೆಲಸ ಬಿಟ್ಟ ಬಡಗಿ ತಾತ. ಜ್ವರ ಬಂದ ಮಗುವಿನ ಗಂಟನ್ನು ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಸೀರಿಯಸ್ಸಾಗಿ ಹೇಳುತ್ತಿದ್ದೇನೆ, ಅದು ಖಾಲಿಯಾಗಿಯೇ ಶಾಲೆಗೆ ಹೋಗಿ ಬರುತ್ತದೆ!

ನಿನ್ನೆ ತಾತ ಹಗ್ಗದ ಹಿಂದಿನ ತುದಿಯನ್ನು ನನ್ನ ಕೈಗೆ ಕೊಟ್ಟರು. ಮುಂದಿನ ಹಲ್ಲು ಬಿದ್ದ ಹುಡುಗಿಯೊಬ್ಬಳು ತಿರುಗಿ, "ಅಕ್ಕಾ, ನೀನು ಶಾಲೆಗೆ ಹೇಗೆ ಹೋಗ್ತಿದ್ದೆ?" ಅಂದಳು.

"ನಾನು ಹೋಗ್ತಾನೇ ಇರ್ಲಿಲ್ಲ ಕಣೇ, ಅಲ್ಲೇ ಇರ್ತಿದ್ದೆ."

"ಅಯ್ಯೋ! ಸಂಜೆ ಯಾರೂ ಕರ್ಕೊಂಡು ಹೋಗೋಕೆ ಬರ್ತಿರ್ಲಿಲ್ವಾ?"

ನಾನು ಶೂ ಲೇಸ್ ಕಟ್ಟುವ ನೆಪದಲ್ಲಿ ಬಗ್ಗಿದೆ.

ನಿನ್ನ ಆಸ್ಪತ್ರೆ ಡ್ಯೂಟಿ ಬೆಳಿಗ್ಗೆ ಆರಕ್ಕೇ ಶುರು, ಪುಟ್ಟನನ್ನು ಶಾಲೆಗೆ ಬಿಡಲು ಯಾರೂ ಇಲ್ಲ, ಗೊತ್ತು. ಆದರೆ ಎದುರುಮನೆ ಟೈಲರ್ ಮಾವ ದಿನಾ ಆ ದಾರಿಯಲ್ಲೇ ಅಂಗಡಿಗೆ ಹೋಗುತ್ತಾರಲ್ಲ, ಒಂದು ಮಾತು ಕೇಳಿ ನೋಡು. ಬೇಕಾದರೆ ಹಗ್ಗ ನಾನೇ ಕಳಿಸುತ್ತೇನೆ.

ನನ್ನ ಕೆಮ್ಮು ನಿಂತಿದೆ, ಊಟವೂ ಪರವಾಗಿಲ್ಲ. ಜಾಗ ಮುಗಿಯುತ್ತಾ ಬಂತು, ಇದೊಂದು ಹೇಳಿಬಿಡುತ್ತೇನೆ. "ನೋಡು, ಅಕ್ಕ ಹಾಸ್ಟೆಲಲ್ಲಿ ಎಷ್ಟು ಖುಷಿಯಾಗಿದ್ಲು" ಅಂತ ಪುಟ್ಟನಿಗೆ ನನ್ನ ಹಳೇ ಪತ್ರಗಳನ್ನು ಓದಿ ಹೇಳುತ್ತಿದ್ದೀಯಂತೆ. ಅವನ್ನೆಲ್ಲ ವಾರ್ಡನ್ ಓದಿದ ಮೇಲೇ ಅಂಚೆ ಡಬ್ಬಿಗೆ ಹಾಕುತ್ತಿದ್ದರು. ಈ ಕಾರ್ಡನ್ನು ದಾರಿಯಲ್ಲಿ ಯಾರು ಬೇಕಾದರೂ ಓದಿಕೊಳ್ಳಲಿ.

ನಿನ್ನ ಅಕ್ಕನ ಮಗಳು