ಮಲ್ಲಮ್ಮನ ಕುದುರೆಯ ಜೀನು

ಗುಡಗೇರಿ
19 ಜನವರಿ 2025

ನನ್ನ ಮುದ್ದಿನ ತಮನ್ನಾ,

ಹೇಗಿದ್ದೀಯೇ? ಅಮ್ಮಿ ಆರಾಮಾ? ಮದುವೆಯಾಗಿ ಇಷ್ಟು ದಿನವಾದರೂ ಒಂದು ಸಾಲು ಬರೆಯಲಿಲ್ಲ, ಬೈಯಬೇಡ. ದಿನಾ ಯಾರಾದರೂ "ಹೊಸಾ ಸೊಸಿ ನೋಡೂಣು" ಎಂದು ಬರುತ್ತಾರೆ. ಚಹಾ ಮಾಡಿ, ಕಾಲಿಗೆ ಬಿದ್ದು, ನಕ್ಕು ನಕ್ಕು ದವಡೆ ನೋಯುತ್ತದೆ. ಆದರೆ ಪ್ರಭು ಎಷ್ಟು ಒಳ್ಳೆಯವರು ಗೊತ್ತಾ! ನಾನು ಕೇಳುವ ಮೊದಲೇ ಟ್ಯಾಬ್ ಚಾರ್ಜ್ ಮಾಡಿ ಇಟ್ಟಿರುತ್ತಾರೆ.

ದೊಡ್ಡ ಸುದ್ದಿ! ಇಲ್ಲಿಯ ಮಹಿಳಾ ಸಂಘದ ಹೊಸ ಕಟ್ಟಡಕ್ಕೆ ಟ್ಯಾಬಿನಲ್ಲಿ ಬೆಳವಡಿ ಮಲ್ಲಮ್ಮನ ಚಿತ್ರ ಬಿಡಿಸಿದ್ದೇನೆ. ಕುದುರೆಯ ಮೇಲೆ, ಕತ್ತಿ ಎತ್ತಿ! ಮೊದಲು ಬರೀ ಬೂದು ಬಣ್ಣದಲ್ಲಿ ಬೆಳಕು, ನೆರಳು. ಅದರ ಮೇಲೆ ತೆಳುವಾಗಿ ಬಣ್ಣ, ಒಂದೊಂದೂ ಬೇರೆ ಪದರದಲ್ಲಿ, ಲೇಯರಿನಲ್ಲಿ. ಕೂತ ಭಂಗಿ ಮಾತ್ರ ಸರಿಹೋಗಲೇ ಇಲ್ಲ. ಕೊನೆಗೆ ಅತ್ತೆ ರೇವವ್ವ ಜೋಳದ ಚೀಲ ಏರಿ ಕೂತು ಲಟ್ಟಣಿಗೆ ಎತ್ತಿದರು.

"ಲಗೂ ಫೋಟೋ ಹೊಡಿ ಬೇ, ರೊಟ್ಟಿ ಹೊತ್ತತೈತಿ!"

ಮಾವ ಶಂಕ್ರಪ್ಪನವರು ಬಾಗಿಲಲ್ಲೇ ನಿಂತು, "ಕುದುರಿ ಇಲ್ದನ ಇಷ್ಟ್ ಯುದ್ಧ ಮಾಡ್ತಿ, ಇನ್ನ ಕುದುರಿ ಸಿಕ್ಕರ ನನ್ನ ಗತಿ?" ಎಂದರು.

ಚಿತ್ರವನ್ನು ಕನ್ನಡಿಯಂತೆ ತಿರುವಿ ನೋಡಿದಾಗ ರಾಣಿಯ ಒಂದು ಕಣ್ಣು ಕೆಳಗಿಳಿದಿತ್ತು. ಮುಖವೆಲ್ಲ ಅಳಿಸಿ ಮತ್ತೆ ಬರೆದೆ. ಬೆರಳು ಸೆಟೆದಿವೆ, ಕಣ್ಣು ಉರಿಯುತ್ತವೆ ಕಣೇ. ಆಮೇಲೆ ಸಹಿಯೊಂದೇ ಉಳಿಯಿತು.

ನಾನು ಸಹಿಯನ್ನು ಚಿತ್ರದೊಳಗೇ ಅಡಗಿಸುವುದು ನಿನಗೆ ಗೊತ್ತಲ್ಲ. ಕುದುರೆಯ ಜೀನಿನ ಕಸೂತಿಯಲ್ಲಿ ಕೈ ತಾನಾಗಿಯೇ 'ಶೈಲಾ' ಎಂದು ಬರೆಯಿತು. ಮಾವ ಕನ್ನಡಕ ಏರಿಸಿದರು.

"ದಾನೇಶ್ವರಿ ಅಂತ ಹಾಕವಾ. ನಮ್ಮನಿ ಸೊಸಿ ಬರದದ್ದು ಅಂತ ಊರಿಗೆ ಗೊತ್ತಾಗ್ಲಿ."

ಅದು ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಬರೆದು ನನಗಿಟ್ಟ ಹೊಸ ಹೆಸರು. ನೀನೂ ಚಪ್ಪಾಳೆ ಹೊಡೆದಿದ್ದೆ. ಮಾವನ ದನಿಯಲ್ಲಿ ಎಷ್ಟು ಹೆಮ್ಮೆಯಿತ್ತೆಂದರೆ ಸಿಟ್ಟಾಗಲೂ ಆಗಲಿಲ್ಲ. ಪ್ರಭುವಿಗೆ ಹೇಳಿದೆ. "ಎರಡೂ ನೀನ ಅಲ್ಲೇನ?" ಎಂದು ನಕ್ಕರು.

ದಾನೇಶ್ವರಿ ಎಂದೇ ಬರೆದೆ. ಹಳೆಯ ಸಹಿಯ ಲೇಯರನ್ನು ಅಳಿಸಲಿಲ್ಲ, ಕಾಣದಂತೆ ಮರೆಮಾಡಿದ್ದೇನೆ. ನಾಳೆ ಚಿತ್ರ ಅಚ್ಚಿಗೆ ಹೋಗುತ್ತದೆ.

ಅಮ್ಮಿಗೆ ನನ್ನ ಸಲಾಂ. ನಿನ್ನ ಹೊಟ್ಟೆಯಲ್ಲಿರುವ ಕೂಸು ನಿನ್ನಷ್ಟೇ ಜೋರು ಬಾಯಿಯದಾಗಲಿ, ಹೆರಿಗೆ ಸುಸೂತ್ರವಾಗಲಿ.

ನಿನ್ನ
ಶೈಲಾ

ತಾ.ಕ.: ನಿನ್ನೆ ಅವ್ವ ಫೋನ್ ಮಾಡಿದ್ದಳು. ಅತ್ತೆ ಎತ್ತಿದರು, ಸ್ಪೀಕರಿನಲ್ಲಿ. "ದಾನೇಶ್ವರಿ ಅದಾಳೇನ್ರಿ?" ಎಂದಳು ನನ್ನ ಅವ್ವ. ಅಲ್ಲೇ ನಿಂತಿದ್ದ ನಾನು, ಯಾರನ್ನು ಕೇಳುತ್ತಿದ್ದಾಳೆಂದು ಹಿಂದೆ ತಿರುಗಿ ನೋಡಿದೆ.