ಕೌದಿ ಹೊದ್ದ ಬಸ್ಸು

ಹಿರೇದಿನ್ನಿ, ಕ್ರಿ.ಶ. ೨೨೩೧, ಹದಿಮೂರನೆಯ ತಿಂಗಳ ಮೊದಲ ಸೋಮವಾರ.

ಇನ್ನೂರು ವರ್ಷ ಹಿಂದಿರುವ ಹಿರಿಯರಿಗೆ ಬಸಲಿಂಗವ್ವ ಮಾಡುವ ಶರಣು. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು. ಏಕೆಂದು ಕೇಳಬೇಡಿ, ಹೇಳುತ್ತ ಕೂರಲು ನನಗೆ ಪುರುಸೊತ್ತಿಲ್ಲ. ತಿಳಿಯದ ಪದ ಬಂದರೆ ಕ್ಷಮಿಸಿ. ಕಾವಲು ಕೂತವರು ನಿಮಗೊಂದು ಕಾಗದ ಬರೆಯುವುದು ಇಲ್ಲಿನ ರೂಢಿ, ನಿದ್ದೆ ಬರಬಾರದಲ್ಲ.

ನಾನು ಈ ಊರಿನ ದೂರಗಾತಿ. ಬ್ಯಾಟರಿ ಗಾಡಿಗೆ ಬೆಂಕಿ ಬಿದ್ದರೆ ಮೊದಲು ಜನರನ್ನು ದೂರ ಅಟ್ಟುವವಳು ಎಂದರ್ಥ. ಬೆಂಕಿಯ ಮಾತು ಆಮೇಲೆ. ಗಾಳಿ ಬೆನ್ನಿಗೆ ಬೀಸುವಂತೆ ನಿಂತು, ಕೈ ಸೋಲುವಷ್ಟು ನೀರು ಹೊಡೆಯುತ್ತೇವೆ. ಆ ನೀರು ಕೆರೆ ಸೇರದಂತೆ ಒಡ್ಡು ಕಟ್ಟುತ್ತೇವೆ. ಒಣಬೂದಿಗೆ ಯಾರೂ ಕಸಬರಿಗೆ ತಾಗಿಸುವುದಿಲ್ಲ. ಮೈಕೈ, ಮೂಗು, ಬಾಯಿ ಮುಚ್ಚಿಕೊಂಡು, ಒದ್ದೆ ಮಾಡಿಯೇ ಬಾಚುತ್ತೇವೆ. ಹೊಸ ಸೊಸೆಯಂದಿರಿಗೆ ಅಡುಗೆಗಿಂತ ಮೊದಲು ಕಲಿಸುವುದು ಇದನ್ನೇ. ಆರಿದ ಗಾಡಿಯನ್ನು ಬಿಡುಬಯಲಿಗೆ ಎಳೆದು, ಸುತ್ತ ಹಗ್ಗ ಕಟ್ಟಿ, ಆಕಾಶದ ಕೆಳಗೆ ಬಿಡುತ್ತೇವೆ. ಆರಿದ ಬ್ಯಾಟರಿ ವಾರ ಕಳೆದ ಮೇಲೂ ತಾನಾಗಿ ಹೊತ್ತಿಕೊಳ್ಳಬಹುದು. ಬೂದಿ ಮುಚ್ಚಿದ ಕೆಂಡ ಎಂಬ ಮಾತು ನಿಮ್ಮಲ್ಲೇ ಇತ್ತು. ಆಡಿದಿರಿ, ನಂಬಲಿಲ್ಲ. ಸುಟ್ಟ ಗಾಡಿಗೆ ತಾಡಪತ್ರಿ ಹೊದಿಸಿ ಮನೆಗೋಡೆಗೆ ತಾಗಿಸಿ ನಿಲ್ಲಿಸಿದ ನಿಮ್ಮ ಚಿತ್ರಗಳನ್ನು ನೋಡಿದ್ದೇನೆ, ಬಲ್ಲೆ.

ಮೊನ್ನೆ ನಮ್ಮ ಸಂತೆ ಬಸ್ಸು ಸುಟ್ಟಿತು. ಎಲ್ಲರೂ ಇಳಿದು ಬದುಕಿದರು. ಅದನ್ನು ಓಡಿಸುತ್ತಿದ್ದವಳು ನನ್ನ ತಂಗಿ ಶಂಕ್ರವ್ವ. ಮಹಾನವಮಿಗೆ ಆ ಬಸ್ಸಿಗೆ ಏರಿಸುತ್ತಿದ್ದಷ್ಟು ಹೂವನ್ನು ಅವಳು ತನ್ನ ಮದುವೆಯಲ್ಲೂ ಮುಡಿದಿರಲಿಲ್ಲ. ಅದು ಬಯಲಿನಲ್ಲಿ ಒಂಟಿಯಾಗಿ ನಿಂತಾಗ ಊಟ ಬಿಟ್ಟಳು. ಸತ್ತವರಿಗೆ ಚಳಿಯಾಗದಿರಲೆಂದು ಕೌದಿ ಹೊದಿಸುವುದು ನಮ್ಮ ಪದ್ಧತಿ. ಇಂದು ನಸುಕಿನಲ್ಲಿ ಮನೆಮನೆಯ ಕೌದಿಗಳನ್ನು ಕೂಡಿಸಿ ಹೊಲಿದು, ಬಸ್ಸಿಗೆ ನೆಲ ಮುಟ್ಟುವಂತೆ ಹೊದಿಸಿ ಬಂದಿದ್ದಾಳೆ. ಕೊಟ್ಟ ಪುಣ್ಯಾತ್ಗಿತ್ತಿಯರಿಗೆ ಏನೆನ್ನಲಿ!

ಹಿಡಿದು ಬೈದೆ. ಅವಳು ನಕ್ಕಳು. “ಅಕ್ಕಾ, ಅದು ಉಸರಾಡಾಕತ್ತೈತಿ. ನಾ ಕಿವಿಗೊಟ್ಟು ಕೇಳೀನಿ. ಥಂಡ್ಯಾಗ ಹೆಂಗ ಬಿಡೂದು?”

ಅದು ಉಸಿರಲ್ಲ, ಬ್ಯಾಟರಿಯಿಂದ ವಿಷದ ಹಬೆ ಹೊರಡುವ ಸದ್ದು. ಗಾಳಿಗೆ ಚದುರಬೇಕಾದದ್ದು ಈಗ ಕೌದಿಯೊಳಗೆ ತುಂಬುತ್ತಿದೆ; ಅದು ಸಿಡಿಯಲು ಒಂದು ಕಿಡಿ ಸಾಕು. ಕೌದಿಯನ್ನು ದೂರದಿಂದಲೇ ಎಳೆದು ತೆಗೆಯುವ ಉದ್ದ ಕೊಕ್ಕೆಯ ಬಂಡಿ ಪಕ್ಕದೂರಿನಿಂದ ಬರಬೇಕು. ಅಲ್ಲಿಯವರೆಗೆ ಶಂಕ್ರವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಯಲಂಚಿನಲ್ಲಿ ಕಾಯುತ್ತಿದ್ದೇನೆ. ಗಾಳಿಯಿಲ್ಲ, ಹುಲ್ಲು ಅಲುಗುತ್ತಿಲ್ಲ. ಆದರೂ ಕೌದಿ ಮೆಲ್ಲಗೆ ಏಳುತ್ತದೆ, ಇಳಿಯುತ್ತದೆ. ಸುಳ್ಳೇಕೆ ಹೇಳಲಿ, ನನಗೂ ಅದು ಯಾರೋ ಮಲಗಿದ ಹಾಗೆಯೇ ಕಾಣುತ್ತದೆ.

ಹಗ್ಗ ದಾಟಿದವರ ಹಿಂದೆ ಇನ್ನೊಬ್ಬರು ಹೋಗಬಾರದು, ಇದು ನಮ್ಮ ಕಟ್ಟಳೆ. ಒಂದು ಹೆಣ ಸಾಕು ಎಂದು ಎಳೆಯರಿಗೆ ಕಲಿಸುವವಳು ನಾನೇ.

ಮೇಲಿನ ಸಾಲು ಬರೆದು ತಲೆಯೆತ್ತಿದರೆ ಪಕ್ಕದಲ್ಲಿ ಶಂಕ್ರವ್ವ ಇಲ್ಲ. ಹಗ್ಗ ದಾಟಿದ್ದಾಳೆ. ಕೂಗಿದೆ, ತಿರುಗಲಿಲ್ಲ. ಕೌದಿಯ ಅಂಚೆತ್ತಿ, ಅವ್ವನ ಮಗ್ಗುಲಿಗೆ ಸೇರುವ ಕೂಸಿನಂತೆ ಒಳಗೆ ಸೇರಿಕೊಂಡಳು. ಕೌದಿ ಇನ್ನೂ ಏಳುತ್ತಿದೆ, ಇಳಿಯುತ್ತಿದೆ.

ನೀವಾದರೂ ಸುಟ್ಟದ್ದನ್ನು ಬಯಲಿಗೆ ಬಿಡಿ, ಹೊದಿಸಬೇಡಿ. ಹೊದಿಸಿದರೆ, ತೆಗೆಯಲು ಒಬ್ಬರು ಹತ್ತಿರ ಹೋಗಲೇಬೇಕಾಗುತ್ತದೆ.

ಹೋಗಿ ಬರುತ್ತೇನೆ.